ಪಾರ್ಕ್ ಜಾಗ ಉಳಿಸಲು: ಮನವಿಯೋ, ಆರ್‌ಟಿಐಯೋ, ಕೋರ್ಟೋ?

ಕಲಬುರಗಿ ಜಿಲ್ಲೆಯ ಸಣ್ಣ ಊರಿನ ಗೆಳೆಯರೊಬ್ಬರು ಕೇಳಿದ್ದಾರೆ: ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗದಲ್ಲಿ ಯಾರೋ ಕಲ್ಲು ನೆಟ್ಟಿದ್ದಾರೆ, ಏನು ಮಾಡಲಿ? ಮಕ್ಕಳು ಆಡುವ ಜಾಗ ಅದು, ಸುಮ್ನೆ ಬಿಡೋಕಾಗಲ್ಲ.

ಖರ್ಚು ನೋಡಿದರೆ ಪುರಸಭೆಗೆ ಮನವಿ ಕೊಡುವುದೇ ಸುಲಭ. ಬಿಳಿ ಹಾಳೆ, ಅಕ್ಕಪಕ್ಕದವರ ಸಹಿ ಸಾಕು. ಸ್ವೀಕೃತಿ ಸೀಲು ಮಾತ್ರ ಮರೆಯಬೇಡಿ. ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಗೆ 10 ರೂಪಾಯಿ. ಕೋರ್ಟಿಗೆ ಜಾಸ್ತಿ ಬೇಕು. ಆದರೂ ಹೈಕೋರ್ಟ್ ಪೀಠ 2008ರಿಂದ ಕಲಬುರಗಿಯಲ್ಲೇ ಇದೆ, ಬೆಂಗಳೂರು ರೈಲು ಹತ್ತಬೇಕಿಲ್ಲ.

ಗಟ್ಟಿತನದಲ್ಲಿ ಲೆಕ್ಕ ತಿರುಗುತ್ತದೆ. ಮನವಿ ಫೈಲಿನಲ್ಲೇ ಮಲಗಬಹುದು. ಆರ್‌ಟಿಐಗೆ 30 ದಿನದೊಳಗೆ ಉತ್ತರ ಕೊಡಬೇಕು. ಅದು ಕಲ್ಲು ಕೀಳುವುದಿಲ್ಲ, ಆದರೆ ಬಡಾವಣೆಯ ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ ಕೈಗೆ ಬರುತ್ತದೆ. ಮುಂದಿನದ್ದೆಲ್ಲ ಅದರ ಮೇಲೇ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಪಾರ್ಕಿನ ಜಾಗವನ್ನು ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ಹಂಚಿಕೆ ಒಪ್ಪಲಿಲ್ಲ.

ಕಲ್ಲಷ್ಟೇ ಇದ್ದು, ವಾರ್ಡ್ ಸದಸ್ಯರು ಮಾತು ಕೇಳುವವರಾದರೆ ಮನವಿ ಸಾಕು. ನಕ್ಷೆ ಇಲ್ಲದಿದ್ದರೆ ಮೊದಲು ಆರ್‌ಟಿಐ. ಪಾಯ ತೋಡಿದ್ದರೆ ಉತ್ತರಕ್ಕೆ ಕಾಯಬೇಡಿ, ಫೋಟೊ ತೆಗೆದುಕೊಂಡು ಇವತ್ತೇ ವಕೀಲರನ್ನು ಕಾಣಿ.