ಏಳು ವರ್ಷ ಬಳಸಿದ್ದೇನೆ: ವಿಡಿಯೊ ತೆಗೆದರು, ತೆಗೆಸಿದವರ ಹೆಸರಿಲ್ಲ

ಅಂಕ: 5ಕ್ಕೆ 2

ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಬಿಡುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿದ್ದು 2018ರಲ್ಲಿ. ಅದೇ ವರ್ಷ ಈ ಸಾಮಾಜಿಕ ಜಾಲತಾಣದಲ್ಲಿ ಪುಟ ತೆರೆದೆ. ಯಾವ ಕೆರೆ ತುಂಬಿತು, ಎಪಿಎಂಸಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸ್ ಎಷ್ಟಕ್ಕೆ ಹೋಯಿತು, ಇಷ್ಟೇ ನನ್ನ ಸರಕು. ಬೆಳಗಿನ ಹರಾಜಿನ ದರ ಹಾಕಿದ ಹತ್ತು ನಿಮಿಷಕ್ಕೆ ಮಾಲೂರಿನಿಂದ, ಶ್ರೀನಿವಾಸಪುರದಿಂದ ರೈತರು ಕೇಳುತ್ತಿದ್ದರು. ಎರಡು ಅಂಕ ಅದಕ್ಕೆ.

ಉಳಿದ ಮೂರು ಕಳೆದ ಮಳೆಗಾಲದಲ್ಲಿ ಹೋದವು. ನಮ್ಮೂರ ಕೆರೆಯ ಕೋಡಿಯಲ್ಲಿ ನೊರೆ ಎದ್ದಿತ್ತು. 40 ಸೆಕೆಂಡು ಚಿತ್ರಿಸಿ ಹಾಕಿದೆ. ಬೈಗುಳವಿಲ್ಲ, ಯಾರ ಹೆಸರೂ ಇಲ್ಲ. ಮೂಲೆಯಲ್ಲಿ ಒಂದು ಮೇಕೆ ನೀರು ಮೂಸಿ ಹಿಂದೆ ಸರಿಯುತ್ತದೆ, ಅಷ್ಟೇ. ಮೂರನೆಯ ದಿನ ವಿಡಿಯೊ ಇದ್ದ ಜಾಗದಲ್ಲಿ ಬೂದು ಚೌಕ: ‘ಕಾನೂನು ಕೋರಿಕೆಯ ಮೇರೆಗೆ ನಿಮ್ಮ ದೇಶದಲ್ಲಿ ಲಭ್ಯವಿಲ್ಲ’.

ಕೋರಿದವರು ಯಾರು? ಮಂಡಿಯಲ್ಲಿ ಮಾಲು ಸರಿಯಿಲ್ಲ ಎಂದು ದರ ಇಳಿಸಿದರೂ ಚೀಟಿಯ ಮೇಲೆ ಮಂಡಿಯವರ ಹೆಸರಿರುತ್ತದೆ, ಹೋಗಿ ಜಗಳವಾಡಬಹುದು. ಇಲ್ಲಿ ಜಗಳಕ್ಕೂ ಆಳಿಲ್ಲ.

ಜಾಲತಾಣದ ಕಂಪನಿಯ ಕಷ್ಟ ನನಗೆ ತಿಳಿಯದ್ದಲ್ಲ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 79ನೇ ಕಲಮಿನಂತೆ ಜನ ಹಾಕಿದ್ದಕ್ಕೆ ಅದು ಹೊಣೆಯಲ್ಲ. ಸರ್ಕಾರ ತಿಳಿಸಿದ ಮೇಲೂ ತೆಗೆಯದಿದ್ದರೆ ಆ ರಕ್ಷಣೆ ಹೋಗುತ್ತದೆ. ಆ ಕಾಯ್ದೆಯ 2021ರ ನಿಯಮಗಳು ಕೊಟ್ಟಿದ್ದ ಗಡುವು 36 ಗಂಟೆ; 2026ರ ಫೆಬ್ರವರಿಯಲ್ಲಿ ಅದನ್ನು ಮೂರು ಗಂಟೆಗೆ ಇಳಿಸಿದರು. ನನ್ನ ಮೇಕೆಗಾಗಿ ಯಾವ ಕಂಪನಿ ತಾನೇ ಕೇಸು ಮೈಮೇಲೆ ಎಳೆದುಕೊಂಡೀತು? ಇನ್ನೊಂದು ದಾರಿ, ಸರ್ಕಾರವೇ ತಡೆಯಲು ಆದೇಶಿಸುವ 69ಎ ಕಲಂ. ಅಲ್ಲಿ ಸಮಿತಿ ಪರಿಶೀಲಿಸಬೇಕು, ಕಾರಣ ಬರೆಯಬೇಕು; ಆದರೆ 2009ರ ನಿಯಮಗಳು ಅದೆಲ್ಲ ಗೋಪ್ಯವಾಗಿರಲಿ ಎನ್ನುತ್ತವೆ. ನನ್ನದು ಯಾವ ದಾರಿಯಲ್ಲಿ ಹೋಯಿತೋ.

79ರ ನೋಟಿಸು ಕಳಿಸಲು ಕೇಂದ್ರ ಗೃಹ ಸಚಿವಾಲಯ ನಡೆಸುವ ಸಹಯೋಗ್ ಪೋರ್ಟಲ್ ಇದೆ. ಅದರ ವಿರುದ್ಧ ಎಕ್ಸ್ ಕಾರ್ಪ್ (ಹಿಂದಿನ ಟ್ವಿಟರ್ ಕಂಪನಿ) ನಮ್ಮ ಕರ್ನಾಟಕ ಹೈಕೋರ್ಟಿಗೇ ಹೋಗಿತ್ತು. 2025ರ ಸೆಪ್ಟೆಂಬರ್ 24ರಂದು ಅರ್ಜಿ ವಜಾ ಆಯಿತು. ಮರು ತಿಂಗಳು 2021ರ ನಿಯಮ ತಿದ್ದಿದರು: ಜಂಟಿ ಕಾರ್ಯದರ್ಶಿ ದರ್ಜೆಗೆ, ಪೊಲೀಸರಾದರೆ ಡಿಐಜಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೇ ಹೇಳಬೇಕು, ಕಾರಣ ಕೊಡಬೇಕು. ಒಳ್ಳೆಯದೇ. ಆದರೆ ಆ ಕಾರಣ ತಲುಪುವುದು ಕಂಪನಿಗೆ, ಕೆರೆಯ ಏರಿಯ ಮೇಲೆ ನಿಂತವನಿಗಲ್ಲ.

ಕನ್ನಡದಲ್ಲಿ ದೂರು ಬರೆದೆ. ಮರುದಿನವೇ ಇಂಗ್ಲಿಷಿನಲ್ಲಿ ಸ್ವೀಕೃತಿ ಬಂತು, ಹದಿನೈದನೆಯ ದಿನ ಉತ್ತರ: ಬೂದು ಚೌಕದ ಅದೇ ವಾಕ್ಯ. ಮೇಲ್ಮನವಿಗೆ ಸಮಿತಿಗಳಿವೆ, ನೇಮಿಸುವುದು ಕೇಂದ್ರ ಸರ್ಕಾರ. ಅತ್ತೆಯ ಮೇಲಿನ ದೂರನ್ನು ಮಾವನಿಗೆ ಹೇಳಿದ ಹಾಗೆ. ಹೋಗಲಿಲ್ಲ.

ಹಾಗೆಂದು ಯಾವುದನ್ನೂ ತೆಗೆಯಲೇಬಾರದು ಎನ್ನುವವನೂ ನಾನಲ್ಲ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸಂದೇಶ ಹಬ್ಬಿದಾಗ ಜನ ಅಪರಿಚಿತರನ್ನು ಹೊಡೆದು ಕೊಂದದ್ದನ್ನು ಮರೆತಿಲ್ಲ. ಅಂಥದ್ದು ಗಂಟೆಯೊಳಗೆ ಹೋಗಲಿ, ತೆಗೆಸಿದವರ ಹೆಸರು, ಕಾರಣ ಅಲ್ಲೇ ಕೆಳಗಿರಲಿ.

ಪುಟ ಇನ್ನೂ ಇದೆ. ಟೊಮೆಟೊ ದರ ಮಾತ್ರ ಹಾಕುತ್ತೇನೆ, ಕೆರೆಯ ಕಡೆ ಮೊಬೈಲ್ ಎತ್ತಲು ಕೈ ಹಿಂಜರಿಯುತ್ತದೆ. ದುಬೈನಲ್ಲಿರುವ ತಂಗಿಯ ಮಗನಿಗೆ ಆ ವಿಡಿಯೊ ಈಗಲೂ ಕಾಣುತ್ತದೆ. ಮೊನ್ನೆ ಫೋನ್ ಮಾಡಿದ್ದ. “ಮಾವ, ಆ ಮೂಲೆಯಲ್ಲಿರುವುದು ನಮ್ಮ ಮೇಕೆಯೇ?” ಕೆರೆಯ ಪಕ್ಕದಲ್ಲೇ ಕುಳಿತು, ನೆನಪಿನ ಮೇಲೆ, ಹೌದು ಎಂದೆ.