ಸಿಂಗಾಪುರದಿಂದ ನ್ಯೂಯಾರ್ಕ್‌ಗೆ: ನೇರವೋ, ಫ್ರಾಂಕ್‌ಫರ್ಟ್ ಮೂಲಕವೋ?

ಅತಿ ಹತ್ತಿರದ ದಾರಿ ಹಿಡಿದರೂ ಈ ಎರಡು ಊರುಗಳ ನಡುವೆ ಸುಮಾರು 15,300 ಕಿ.ಮೀ. ಸಿಂಗಾಪುರ್ ಏರ್‌ಲೈನ್ಸ್‌ನ ನೇರ ವಿಮಾನಕ್ಕೆ ಹದಿನೆಂಟೂವರೆ ಗಂಟೆಗೂ ಮೇಲೆ ಬೇಕು. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಹೆಚ್ಚುವ ದೂರ ಸಾವಿರ ಚಿಲ್ಲರೆ ಕಿ.ಮೀ. ಮಾತ್ರ; ಆದರೆ ಇಳಿದು, ಕಾದು, ಮತ್ತೆ ಏರುವಷ್ಟರಲ್ಲಿ ಒಟ್ಟು ಹೊತ್ತು ಒಂದು ದಿನದ ಹತ್ತಿರ ಬರುತ್ತದೆ.

ಹಾಗಾದರೆ ನೇರವೇ ಸರಿ ಅನ್ನಿಸಬಹುದು. ಆದರೆ ನೇರ ಹಾರುವ ಆ ಏರ್‌ಬಸ್ ಎ350-900 ಯುಎಲ್‌ಆರ್ (ಅತಿ ದೂರ ಹಾರಲೆಂದೇ ಮಾಡಿದ ಮಾದರಿ) ವಿಮಾನದಲ್ಲಿ ಸಾಮಾನ್ಯ ಇಕಾನಮಿ ದರ್ಜೆಯೇ ಇಲ್ಲ. ಇರುವುದು ಬಿಸಿನೆಸ್ ಮತ್ತು ಪ್ರೀಮಿಯಂ ಇಕಾನಮಿ ಸೇರಿ 161 ಸೀಟು. ಭಾರ ಕಡಿಮೆಯಿದ್ದರೇ ಅಷ್ಟು ದೂರಕ್ಕೆ ಇಂಧನ ಸಾಲುವುದು.

ಹಣ ಉಳಿಸಬೇಕೆಂದರೆ ಫ್ರಾಂಕ್‌ಫರ್ಟ್ ದಾರಿಯೇ. ಕಾಲು ಊದಿಕೊಳ್ಳುವವರಿಗೆ, ಚಿಕ್ಕ ಮಕ್ಕಳನ್ನು ಕರೆದೊಯ್ಯುವವರಿಗೆ ನಾನು ಅದನ್ನೇ ಹೇಳುತ್ತೇನೆ: ನಡುವೆ ಎದ್ದು ಓಡಾಡಲು ಸಿಗುವುದೇ ದೊಡ್ಡ ಸಮಾಧಾನ. ಕೂತಲ್ಲೇ ಸಲೀಸಾಗಿ ನಿದ್ದೆ ಬರುವವರು ನೇರ ವಿಮಾನ ಹಿಡಿಯಲಿ.