ಎಸ್.ಪಿ. ರಸ್ತೆಯ ಬಿಡಿಭಾಗಗಳ ಅಂಗಡಿ: ಬಯೋಮೆಡಿಕಲ್ ಟ್ರೈನಿಯೊಬ್ಬನ ವಿಮರ್ಶೆ

ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ಬಯೋಮೆಡಿಕಲ್ ವಿಭಾಗದಲ್ಲಿ ಟ್ರೈನಿಯಾಗಿರುವ ನನ್ನ ಪಾಲಿಗೆ ಸರ್ವಿಸ್ ಬೆಂಚಿಗೆ ಬೇಕಾದ ಸಾಮಾನು ತರುವ ಕೆಲಸವೂ ಬಂದಿದೆ. ಅದಕ್ಕಾಗಿ ನಾನು ನೆಚ್ಚಿಕೊಂಡಿರುವುದು ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಹೋಗಬೇಕಾದ ಈ ಅಂಗಡಿಯನ್ನು. ರೋಗಿಯ ನಾಡಿಬಡಿತ ಮುಂತಾದವನ್ನು ತೋರಿಸುವ ಪೇಷೆಂಟ್ ಮಾನಿಟರಿನ ಪವರ್ ಸಪ್ಲೈಗೆ ಕೆಪಾಸಿಟರ್ (ವಿದ್ಯುತ್ ಶೇಖರಿಸುವ ಬಿಡಿಭಾಗ) ಕೇಳಿದರೆ ಮಾಲೀಕರು ಮೊದಲು ವಿಚಾರಿಸುವುದು ವೋಲ್ಟೇಜನ್ನಲ್ಲ, 85 ಡಿಗ್ರಿ ಸೆಲ್ಸಿಯಸ್ ಬಿಸಿ ತಾಳುವುದೋ 105 ಡಿಗ್ರಿ ತಾಳುವುದೋ ಎಂಬುದನ್ನು. ಐಸಿಯುವಿನಲ್ಲಿ ಹಗಲಿರುಳು ದುಡಿಯುವ ಯಂತ್ರದೊಳಗಿನ ಬಿಸಿಗೆ ಕಡಿಮೆ ದರ್ಜೆಯ ಕೆಪಾಸಿಟರಿನೊಳಗಿನ ದ್ರವ (ಎಲೆಕ್ಟ್ರೊಲೈಟ್) ಬೇಗ ಒಣಗಿ, ತಲೆ ಉಬ್ಬಿ, ಮಾನಿಟರ್ ತಾನಾಗಿಯೇ ಆಫ್ ಆಗತೊಡಗುತ್ತದೆ ಎಂಬುದನ್ನು ಬಲ್ಲ ವ್ಯಾಪಾರಿಗಳು ಅಪರೂಪ.

ಅದೇ ಕೌಂಟರಿನ ಅಗ್ಗದ ಮಲ್ಟಿಮೀಟರನ್ನು (ವೋಲ್ಟೇಜ್, ರೋಧ ಅಳೆಯುವ ಮೀಟರ್) ಮಾತ್ರ ಅರ್ತ್ ಪರೀಕ್ಷೆಗೆ, ಅಂದರೆ ಉಪಕರಣದ ಲೋಹದ ಮೈ ಪ್ಲಗ್ಗಿನ ಅರ್ತ್ ಪಿನ್ನಿಗೆ ಸರಿಯಾಗಿ ಜೋಡಿಸಿದೆಯೇ ಎಂದು ನೋಡುವುದಕ್ಕೆ, ನಂಬಬಾರದು. ವೈದ್ಯಕೀಯ ಉಪಕರಣಗಳ ತಪಾಸಣೆಗೆ ಸಂಬಂಧಿಸಿದ ಐಇಸಿ 62353 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ, ಕಳಚಬಹುದಾದ ಪವರ್ ಕೇಬಲನ್ನೂ ಸೇರಿಸಿ ಅರ್ತ್ ರೋಧ 0.3 ಓಮ್ ಮೀರಕೂಡದು; ಈ ಮೀಟರಿನ ಪ್ರೋಬ್ ತಂತಿಗಳ ರೋಧವೇ ಆ ಮಿತಿಯ ಆಸುಪಾಸಿನಲ್ಲಿರುವುದರಿಂದ ಅದರ ಅಳತೆಗೆ ಅರ್ಥವಿರುವುದಿಲ್ಲ. ಅದಕ್ಕೆ ವಿದ್ಯುತ್ ಸುರಕ್ಷತೆಯನ್ನೇ ಪರೀಕ್ಷಿಸುವ ಸೇಫ್ಟಿ ಅನಲೈಸರೇ ಬೇಕು. ಫ್ಯೂಸ್ ಮತ್ತು ಬೆಸುಗೆ ಸಾಮಗ್ರಿಗಳ ವಿಷಯದಲ್ಲಿ ದೂರಿಲ್ಲ. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿಗಳ ದಾಸ್ತಾನು ಕೆಲವೊಮ್ಮೆ ಹಳೆಯದಾಗಿರುವುದರಿಂದ ತಯಾರಿಕೆಯ ತಿಂಗಳನ್ನು ನೋಡಿಯೇ ಕೊಳ್ಳಬೇಕು. ಬೇರೆ ಬ್ಯಾಟರಿ ಕೇಳಿದರೆ ಮಾಲೀಕರು ಮುಖ ಸಿಂಡರಿಸದೆ ತೆಗೆದುಕೊಡುತ್ತಾರೆ. ಗೋಡೆಗೆ ತೂಗುಹಾಕಿರುವ ಇಸಿಜಿ ಕೇಬಲ್‌ಗಳ ಬೆಲೆ ಆಕರ್ಷಕವಾಗಿದ್ದರೂ, ರೋಗಿಯ ಮೈಗೆ ತಾಗುವ ಭಾಗಗಳನ್ನು ಅಧಿಕೃತ ಪೂರೈಕೆದಾರರಿಂದಲೇ ತರಿಸುವುದು ಕ್ಷೇಮ.

ಜಿಎಸ್‌ಟಿ ಬಿಲ್ ತಪ್ಪದೆ ಕೊಡುತ್ತಾರೆ. ಅದಿಲ್ಲದೆ ನಮ್ಮ ಪರ್ಚೇಸ್ ವಿಭಾಗ ಒಂದು ಫ್ಯೂಸನ್ನೂ ಒಪ್ಪುವುದಿಲ್ಲ. ವಾಹನ ನಿಲ್ಲಿಸಲು ಜಾಗವಿಲ್ಲದ ಕಾರಣ ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆಯುವುದು ಲೇಸು.